ಹಿಂದೆ ಕೂತ ಪಿಕಪ್, ಅದರ ಹಿಂದೊಂದು ಟ್ರೇಲರ್: ಹಾಸನದಿಂದ ಆಲ್ದೂರಿಗೆ

ಹಾಸನದಿಂದ ಬೇಲೂರು, ಚಿಕ್ಕಮಗಳೂರು ದಾಟಿ ಆಲ್ದೂರು. ಎಲ್ಲಾ ಸೇರಿ 85 ಕಿಲೋಮೀಟರ್ ಆಸುಪಾಸು. ಕಾರಾದರೆ ತಿಂಡಿ ತಿಂದು ಹೊರಟು ಊಟಕ್ಕೆ ಮುಂಚೆ ಆರಾಮಾಗಿ ತಲುಪುವ ದಾರಿ. ಪಿಕಪ್ ಹಿಂದೆ ಟ್ರೇಲರ್ ಕಟ್ಟಿ, ಅದರ ಮೇಲೆ ಪವರ್ ಟಿಲ್ಲರ್ ಏರಿಸಿಕೊಂಡು ಹೊರಟರೆ ಲೆಕ್ಕವೇ ಬೇರೆ. ಕಾಫಿ ಕೊಯ್ಲಿಗೆ ಮುಂಚೆ ತೋಟಕ್ಕೆ ಹೀಗೆ ಸಾಮಾನು ಸಾಗಿಸುವವರು ನಮ್ಮ ಕಡೆ ಜಾಸ್ತಿ. ಅವರಿಗಾಗಿ ಇದು.

ಭಾವನ ತೋಟಕ್ಕೆ ಟಿಲ್ಲರ್ ಜೊತೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಪಲ್ಪರ್ರೂ ಹೋಗಬೇಕಿತ್ತು. ಪಲ್ಪರ್ ಪಿಕಪ್ ಬಾಡಿಯಲ್ಲಿ, ಟಿಲ್ಲರ್ ಟ್ರೇಲರ್ ಮೇಲೆ. ಕೊಂಡಿ ಹಾಕಿದ ಕೂಡಲೇ ಗಾಡಿ ಹಿಂದಕ್ಕೆ ಕೂತುಬಿಟ್ಟಿತು. ಲೈಟ್ ಹಾಕಿದರೆ ಬೆಳಕು ರಸ್ತೆ ಬಿಟ್ಟು ತೆಂಗಿನ ಗರಿಗೆ ಹೊಡೆಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಕೆಳಗೆ ಬಗ್ಗಿ ನೋಡದೆಯೇ ‘ಎರಡು ಪ್ಲೇಟ್ ಜಾಸ್ತಿ ಹಾಕ್ಸಿ, ಎದ್ದು ನಿಲ್ಲುತ್ತೆ’ ಅಂದರು. ಪ್ಲೇಟ್ ಅಂದರೆ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಗಾಡಿಯ ಭಾರ ಹೊರುವ ಕಮಾನು ಪಟ್ಟಿ. ಈ ಮಾತು ನಿಮಗೂ ಸಿಗುತ್ತದೆ. ಎದ್ದೇನೋ ನಿಲ್ಲುತ್ತೆ. ಆದರೆ ಕೂತಿದ್ದು ಯಾಕೆ ಅಂತ ಗೊತ್ತಾಗದೆ ಎತ್ತಿಸಬೇಡಿ.

ಮೊದಲು ತೂಕ. ಊರಿಂದ ಹೊರಗೆ ಲಾರಿ ತೂಗುವ ಯಾವುದಾದರೂ ವೇ ಬ್ರಿಡ್ಜ್ ಸಿಗುತ್ತೆ. ಟ್ರೇಲರ್ ಕಟ್ಟಿಕೊಂಡೇ ಹೋಗಿ, ಪಿಕಪ್ಪಿನ ಮುಂದಿನ ಚಕ್ರ ಮಾತ್ರ ನಿಲ್ಲಿಸಿ ಒಮ್ಮೆ, ಪಿಕಪ್ಪಿನ ನಾಲ್ಕೂ ಚಕ್ರ ನಿಲ್ಲಿಸಿ ಒಮ್ಮೆ ತೂಗಿಸಿ. ಕಳೆದರೆ ಹಿಂದಿನ ಆಕ್ಸಲ್ ಮೇಲಿನ ಭಾರ ಗೊತ್ತಾಗುತ್ತೆ. ಟ್ರೇಲರ್ ತೂಕದಲ್ಲಿ ಸುಮಾರು 10ರಿಂದ 15 ಪರ್ಸೆಂಟ್ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲ ಬೀಸುತ್ತದೆ. ಕೊಂಡಿ ಇರುವುದು ಆಕ್ಸಲ್‌ನಿಂದ ಹಿಂದೆ ಅನ್ನೋದನ್ನ ಬಹಳ ಜನ ಮರೆಯುತ್ತಾರೆ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 3 ಮೀಟರ್, ಕೊಂಡಿ 1.2 ಮೀಟರ್ ಹಿಂದೆ ಅಂತ ಇಟ್ಟುಕೊಳ್ಳಿ. ಕೊಂಡಿಯ ಮೇಲೆ 100 ಕೆಜಿ ಬಿದ್ದರೆ ಹಿಂದಿನ ಆಕ್ಸಲ್‌ಗೆ 140 ಕೆಜಿ ಸೇರುತ್ತೆ, ಮುಂದಿನಿಂದ 40 ಕೆಜಿ ಎದ್ದುಹೋಗುತ್ತೆ. ಏತದ ಹಾಗೆ. ಸ್ಟೇರಿಂಗ್ ಹಗುರವಾಗುವುದು, ಲೈಟು ಮೇಲೆದ್ದು ಎದುರಿನವನ ಕಣ್ಣಿಗೆ ಹೊಡೆಯುವುದು ಇದರಿಂದಲೇ.

ನಾವು ಮಾಡಿದ ಮೊದಲ ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಬಾಡಿಯ ತುದಿಯಲ್ಲಿದ್ದ ಪಲ್ಪರನ್ನು ಕ್ಯಾಬಿನ್‌ಗೆ ಒತ್ತಿ ಕಟ್ಟಿದೆವು. ಟ್ರೇಲರ್ ಮೇಲೆ ತೀರಾ ಮುಂದೆ ನಿಂತಿದ್ದ ಟಿಲ್ಲರ್ ಅರ್ಧ ಅಡಿ ಹಿಂದೆ ಸರಿಯಿತು. ಗಾಡಿ ಕಣ್ಣಿಗೆ ಕಾಣುವಷ್ಟು ಎದ್ದಿತು. ಆದರೂ ಎಡಗಡೆ ಕೂತೇ ಇತ್ತು.

ಆಗ ಹೋಗಿದ್ದು ಕಮಾನು ಪಟ್ಟಿ ಕೆಲಸ ಮಾತ್ರ ಮಾಡುವ ಭಾಯ್ ಹತ್ತಿರ. ‘ಅಣ್ಣಾ, ಲೋಡ್ ಇಳಿಸ್ಕೊಂಡು ಬನ್ನಿ. ಲೋಡಲ್ಲಿ ನೋಡಿದ್ರೆ ಎಲ್ಲಾ ಗಾಡೀನೂ ಕೂತಂಗೇ ಕಾಣುತ್ತೆ’ ಅಂದರು. ಖಾಲಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರದ ಹಬ್‌ನ ನಡುಮಧ್ಯದಿಂದ ಬಾಡಿಯ ಅಂಚಿನವರೆಗೆ ಟೇಪ್ ಹಿಡಿದರು. ಎಡಕ್ಕೂ ಬಲಕ್ಕೂ ಒಂದು ಇಂಚಿಗಿಂತ ಜಾಸ್ತಿ ವ್ಯತ್ಯಾಸ. ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿದಿಡುವ ಯು ಬೋಲ್ಟ್ ಬಿಚ್ಚಿ ಸೆಟ್ ಇಳಿಸಿದಾಗ ಕಾರಣ ಸಿಕ್ಕಿತು. ಎಡಗಡೆ ಎರಡನೇ ಪ್ಲೇಟಿಗೆ, ಪ್ಲೇಟುಗಳನ್ನೆಲ್ಲಾ ನಡುವೆ ಜೋಡಿಸುವ ಸೆಂಟರ್ ಬೋಲ್ಟ್ ತೂತಿನ ಪಕ್ಕ ಅಡ್ಡಡ್ಡ ಸೀಳು. ಅರ್ಧ ಭಾಗ ಹಳೇ ತುಕ್ಕು, ಇನ್ನರ್ಧ ಹೊಸದಾಗಿ ಹೊಳೆಯುವ ಉಕ್ಕು. ಹೊರಗಿಂದ ಯು ಬೋಲ್ಟ್ ಕೆಳಗೆ ಮುಚ್ಚಿಹೋಗಿತ್ತು. ಇದರ ಮೇಲೆ ಇನ್ನೆರಡು ಪ್ಲೇಟ್ ಹಾಕಿದ್ದರೆ ಸೀಳು ಒಳಗೇ ಉಳಿಯುತ್ತಿತ್ತು, ಅಲ್ವಾ?

ಆ ಪ್ಲೇಟನ್ನು ಎರಡೂ ಕಡೆ ಹೊಸದು ಹಾಕಿಸಿದೆವು. ಒಂದೇ ಕಡೆ ಹಾಕಿದರೆ ಗಾಡಿ ವಾಲುತ್ತೆ. ಪಟ್ಟಿಯ ತುದಿಯ ಶಾಕಲ್ ಬುಶ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಎಲ್ಲಾ ಹೊಸದು. ಹಳೇ ಯು ಬೋಲ್ಟ್ ಒಮ್ಮೆ ಎಳೆದುಕೊಂಡಿರುತ್ತೆ, ಅದನ್ನೇ ಮತ್ತೆ ಬಿಗಿಯುವ ಜಿಪುಣತನ ಬೇಡ. ಹಳೇ ಪ್ಲೇಟ್ ಕಾಯಿಸಿ ಬಡಿದು ಎತ್ತಿಸುವುದೂ ಇದೆ. ಸರಿಯಾಗಿ ಹದ ಕೊಡದಿದ್ದರೆ ಸ್ವಲ್ಪ ದಿನಕ್ಕೆ ಮತ್ತೆ ಕೂರುತ್ತೆ. ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಎತ್ತರ ಬರುತ್ತೆ ಅನ್ನೋದು ಸುಮ್ನೆ ಮಾತು. ಅದು ಕುಣಿತ ತಡೆಯುತ್ತೆ, ಭಾರ ಹೊರೋದಿಲ್ಲ.

ವರ್ಷವಿಡೀ ಲೋಡ್ ಎಳೆಯುವವರಿಗೆ ಹೆಚ್ಚುವರಿ ಪ್ಲೇಟ್ ಸರಿ. ಖಾಲಿ ಓಡಿಸುವಾಗ ಸೊಂಟ ನೋಯುತ್ತೆ, ಅಷ್ಟೇ. ನಮ್ಮ ಹಾಗೆ ಅಪರೂಪಕ್ಕೆ ಟ್ರೇಲರ್ ಕಟ್ಟುವವರಿಗೆ ಚಾಸಿಗೂ (ಗಾಡಿಯ ಅಡಿ ಚೌಕಟ್ಟು) ಆಕ್ಸಲ್‌ಗೂ ನಡುವೆ ಕೂರುವ ಏರ್ ಬ್ಯಾಗ್ ವಾಸಿ. ಲೋಡಿದ್ದಾಗ ಗಾಳಿ ತುಂಬಿಸಿ, ಇಳಿಸಿದ ಮೇಲೆ ಕಡಿಮೆ ಮಾಡಿ. ಆದರೆ ಯಾವುದನ್ನು ಹಾಕಿದರೂ ಗಾಡಿ ಹೊರುವ ತೂಕ ಜಾಸ್ತಿಯಾಗಲ್ಲ. ಆಕ್ಸಲ್, ಟೈರು, ಬ್ರೇಕು ಹಳೆಯವೇ. ಆರ್‌ಸಿಯಲ್ಲಿರುವ ಒಟ್ಟು ತೂಕವೇ ಲೆಕ್ಕ.

ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತೆ. ಅದು ಲೋಡ್ ಸೆನ್ಸಿಂಗ್ ವಾಲ್ವ್‌ದು. ಗಾಡಿ ಕೂತಷ್ಟೂ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚಿಸುತ್ತೆ. ನೀವು ಹಿಂಭಾಗ ಎತ್ತಿಸಿದರೆ ಆ ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕು ಕಡಿಮೆ ಮಾಡುತ್ತೆ, ಅದೂ ಫುಲ್ ಲೋಡಲ್ಲಿ. ಅದನ್ನು ಮತ್ತೆ ಅಡ್ಜಸ್ಟ್ ಮಾಡಿಸದೆ ಘಾಟಿ ಕಡೆ ಹೊರಡಬೇಡಿ.

ಇನ್ನು ದಾರಿ. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್. ಹಗರೆಯಲ್ಲಿ ಹಳೇಬೀಡಿನ ಕಡೆ ತಿರುಗುವ ಕಾರುಗಳನ್ನು ನೋಡಿಕೊಳ್ಳಿ. ಹಂಪ್ ಬಂದಾಗ ಪಿಕಪ್ ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ, ಟ್ರೇಲರ್ ಇನ್ನೂ ಹಿಂದಿರುತ್ತೆ. ಬೇಲೂರು ಪೇಟೆಯನ್ನು ದೇವಸ್ಥಾನದ ಜನ ಸೇರುವ ಮುಂಚೆ ದಾಟಿಬಿಡಿ. ಚಿಕ್ಕಮಗಳೂರಿಗೆ ಇನ್ನು 25 ಕಿಲೋಮೀಟರ್. ಅಲ್ಲಿ ನಿಂತು ಕಾಫಿ ಕುಡಿಯಿರಿ, ಜೊತೆಗೆ ಟ್ರೇಲರ್ ಹಬ್ ಹತ್ತಿರ ಕೈ ಒಡ್ಡಿ ನೋಡಿ. ಒಂದು ಕಡೆ ಮಾತ್ರ ಸುಡುತ್ತಿದ್ದರೆ ಬೇರಿಂಗ್ ನೋಡಿಸದೆ ಮುಂದೆ ಹೋಗಬೇಡಿ.

ಆಲ್ದೂರು ರಸ್ತೆ ತೋಟಗಳ ನಡುವೆ ತಿರುವು ಮುರುವು. ಇಳಿಜಾರಿಗೆ ಮುಂಚೆಯೇ ಗೇರ್ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಮಳೆಗಾಲದಲ್ಲಾದರೆ ತೋಟದ ಮಣ್ಣು ರಸ್ತೆಗೆ ಟ್ರೇಲರ್ ಒಯ್ಯಲೇಬೇಡಿ. ನಾವು ಗೇಟಿನ ಹತ್ತಿರವೇ ಕೊಂಡಿ ಕಳಚಿ, ಟಿಲ್ಲರನ್ನು ಓಡಿಸಿಕೊಂಡೇ ಒಳಗೆ ಹೋದೆವು.

ಯು ಬೋಲ್ಟ್ ಹೊಸದಾಗಿದ್ದರೆ ಮೊದಲ ನೂರು ಕಿಲೋಮೀಟರ್ ಒಳಗೆ ಮತ್ತೆ ಬಿಗಿ ನೋಡಿಸಬೇಕು. ನಮ್ಮದು ಆಲ್ದೂರಲ್ಲೇ ಒಂದು ಸುತ್ತು ಹತ್ತಿರ ತಿರುಗಿತು.