ಲೋಹಬಾಗದ ಡೈರಿ: ಕಬ್ಬಿಣಿಗರು, ಹಿತ್ತಾಳಿಗರು, ಒಂದು ತುಂಡು ಜಿಂಕ್

ಮೇ 18

ಕೊನೆಗೂ ಎರಡೂ ಪಂಗಡ ತಯಾರಾದವು. ಮೇಜಿನ ಎಡಕ್ಕೆ ಏಳು ಕಬ್ಬಿಣಿಗರು, ಬಲಕ್ಕೆ ಆರು ಹಿತ್ತಾಳಿಗರು. ನಡುವೆ ಒಂದು ಮುರಿದ ಸೇತುವೆ.

ಹೊಸದಾಗಿ ಓದುವವರಿಗೆ ಕಥೆ ಇಷ್ಟು. ಲೋಹಬಾಗ ಅನ್ನುವುದು ರೋಬೋಟ್‌ಗಳು ಮಾತ್ರ ಇರುವ ಗ್ರಹ. ನಮ್ಮ ಕಾರವಾರದಲ್ಲಿ ಕೋಡಿಬಾಗ, ಕಾಜುಬಾಗ ಇದ್ದ ಹಾಗೆ ಲೋಹಬಾಗ. ಹೆಸರಿಟ್ಟವಳು ಮಗಳು. ಗ್ರಹದ ನಡುಗುಡ್ಡದ ಮೇಲೆ ಒಂದು ಬಿಳಿ ಕಂಬ ನಿಂತಿದೆ. ಅದು ಯಾರದ್ದು ಅನ್ನುವುದೇ ಎರಡು ಪಂಗಡಗಳ ಜಗಳ. ಹೀಗಿರುವಾಗ ಆಕಾಶದಿಂದ ಉಪ್ಪಿನ ಮೋಡ ಇಳಿಯುತ್ತದೆ. ಕಬ್ಬಿಣಿಗರು ಅದನ್ನು ತುಕ್ಕು ಅನ್ನುತ್ತಾರೆ. ಹಿತ್ತಾಳಿಗರು ಕಿಲುಬು ಅನ್ನುತ್ತಾರೆ. ಬಂದಿರುವುದು ಒಂದೇ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ಊರು ಉದುರಿರುತ್ತದೆ.

ಇದನ್ನು ಸ್ಟಾಪ್ ಮೋಷನ್‌ನಲ್ಲಿ ಮಾಡುತ್ತಿದ್ದೇನೆ. ಬೊಂಬೆಯನ್ನು ಚೂರೇ ಚೂರು ಸರಿಸುವುದು, ಒಂದು ಫೋಟೊ ತೆಗೆಯುವುದು, ಮತ್ತೆ ಸರಿಸುವುದು. ಸೆಕೆಂಡಿಗೆ 12 ಫೋಟೊ. ನಾಲ್ಕು ನಿಮಿಷದ ಚಿತ್ರಕ್ಕೆ 2,880 ಫೋಟೊ. ಇವತ್ತಿಗೆ 610 ಆಗಿವೆ.

ಕಬ್ಬಿಣಿಗರ ಮೈ ಸೈಕಲ್ ಚೈನು, ಹಳೆ ಬೇರಿಂಗು, ನಟ್ಟು ಬೋಲ್ಟುಗಳದ್ದು. ಹಿತ್ತಾಳಿಗರದ್ದು ನಲ್ಲಿಯ ತುಂಡು, ಹಳೆ ಸ್ವಿಚ್‌ಬೋರ್ಡಿನ ಒಳಗಿನ ಪಟ್ಟಿ. ಅವರ ನಾಯಕಿಯ ಕೈಯಲ್ಲಿರುವ ಗುರಾಣಿ ನಮ್ಮನೆ ಗ್ಯಾಸ್ ಒಲೆಯ ಬರ್ನರ್. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ದೇವರ ದೀಪದ ಹಾಗೆ ಹೊಳೆಯುತ್ತಿದೆ.

ಎರಡು ಪಂಗಡಕ್ಕೂ ನಡಿಗೆ ಬೇರೆ ಬೇರೆ ಇರಬೇಕು ಅಂತ ಮೊದಲೇ ನಿರ್ಧರಿಸಿದ್ದೆ. ಕಬ್ಬಿಣಿಗರು ಬಂದರಿನ ಕ್ರೇನಿನ ಹಾಗೆ ನಿಧಾನಕ್ಕೆ ತಿರುಗಿ, ತೂಕ ಹಾಕಿ ಹೆಜ್ಜೆ ಇಡುತ್ತಾರೆ. ಹಿತ್ತಾಳಿಗರಿಗೆ ಯಕ್ಷಗಾನದ ಹೆಜ್ಜೆ ಕೊಟ್ಟೆ. ಅವರು ಮೊದಲ ಸಲ ಕಾಣಿಸಿಕೊಳ್ಳುವುದು ಒಡ್ಡೋಲಗದ ಕ್ರಮದಲ್ಲಿ, ಹಿಡಿದ ತೆರೆಯ ಹಿಂದಿನಿಂದ, ಚೂರು ಚೂರೇ. ನಾಲ್ಕು ಪೆಟ್ಟಿಗೆ 12 ಫೋಟೊ, ಪೆಟ್ಟಿಗೆ ಮೂರು. ಈ ಲೆಕ್ಕ ಸಿಕ್ಕ ದಿನ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಬಿಳಿ ಕಂಬ ಸದ್ಯಕ್ಕೆ ಸುಣ್ಣ ಬಳಿದ ಮರದ ತುಂಡು. ಅದು ಏನು, ಅದಕ್ಕಾಗಿ ಯಾಕೆ ಹೊಡೆದಾಡುತ್ತಾರೆ ಅನ್ನುವುದನ್ನು ಇನ್ನೂ ಯೋಚಿಸಿಲ್ಲ.

ಮೇ 30

ಕ್ಯಾಮೆರಾ ಕೆಳಗಿಳಿಸಿದೆ. ಕಡಲತೀರದಲ್ಲಿ ಇಟ್ಟಿರುವ ಚಾಪಲ್ ಯುದ್ಧನೌಕೆಯನ್ನು ನೋಡಲು ಹೋಗಿದ್ದೆವು. ಬುಡದಲ್ಲಿ ನಿಂತ ಮಗಳು ತಲೆ ಎತ್ತಿ ನೋಡುತ್ತಿದ್ದಳು. ಅವಳ ಎತ್ತರದಿಂದ ಮೊಬೈಲ್ ಹಿಡಿದು ನೋಡಿದಾಗ ನೌಕೆ ಆಕಾಶ ತುಂಬಿತು. ಮನೆಗೆ ಬಂದು ಮೊಬೈಲನ್ನು ಮೇಜಿನ ಮಟ್ಟಕ್ಕೆ ಮಲಗಿಸಿದೆ. 18 ಸೆಂಟಿಮೀಟರಿನ ಬೊಂಬೆ ಗೋಪುರವಾಯಿತು.

ಬೆಳಕು ಮಿಣುಕುವುದೂ ನಿಂತಿದೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕು, ಲಾಕ್ ಮಾಡಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದೆ.

ಜೂನ್ 9

ಇವತ್ತು ಮುಖ್ಯವಾದ ದೃಶ್ಯ. ಇಬ್ಬರು ನಾಯಕರು ಮುರಿದ ಸೇತುವೆಯ ಎರಡು ತುದಿಯಿಂದ ಬಂದು ಕೈ ಹಿಡಿಯಬೇಕು.

ಸೇತುವೆ ಯಾಕೆ ಅಂತ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿದ್ದಿತು. ಬೆಳಿಗ್ಗೆ ಹೋಗಿ ನೋಡಿದಾಗ ಸದಾಶಿವಗಡ ಆ ಕಡೆ, ನಾವು ಈ ಕಡೆ. ಪಕ್ಕದಲ್ಲಿ ಹೊಸ ಸೇತುವೆ ಇತ್ತು, ನಿಜ. ಆದರೂ ನೀರಿನಲ್ಲಿ ಮುರಿದು ಬಿದ್ದಿದ್ದ ಆ ತುಂಡುಗಳು ಕಣ್ಣಿನಿಂದ ಹೋಗಲಿಲ್ಲ. ಅವೇ ಈ ಸೆಟ್ಟಿಗೆ ಬಂದವು.

ಶತ್ರುಗಳು ಒಂದಾಗುವ ಕಥೆಗಳಲ್ಲಿ ನನಗೆ ಯಾವಾಗಲೂ ಒಂದು ಕೊರತೆ ಕಾಣುತ್ತದೆ. ದೊಡ್ಡ ಆಪತ್ತು ಬರುತ್ತದೆ, ನಾಯಕರು ಕೈ ಕುಲುಕುತ್ತಾರೆ, ಮುಂದಿನ ದೃಶ್ಯದಲ್ಲಿ ಎಲ್ಲರೂ ಒಟ್ಟಿಗೆ ಹೋರಾಡುತ್ತಾರೆ. ಅಷ್ಟು ಸುಲಭವಾ? ಗಂಧರ್ವ ಚಿತ್ರಸೇನ ಕೌರವನನ್ನು ಕಟ್ಟಿ ಒಯ್ಯುವ ಪ್ರಸಂಗ ನೋಡಿ. ಮನೆಯೊಳಗೆ ನಾವು ಐವರು, ಅವರು ನೂರು. ಹೊರಗಿನವನು ಬಂದರೆ ನೂರೈದು ಅನ್ನುತ್ತಾನೆ ಧರ್ಮರಾಯ. ಆ ಮಾತು ಎಲ್ಲರಿಗೂ ಗೊತ್ತು. ಆದರೆ ಭೀಮನಿಗೆ ಅದು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಬಿಡಿಸಿಕೊಂಡ ಮೇಲೆ ಕೌರವನಿಗೂ ಸಂತೋಷವಿಲ್ಲ. ಅವಮಾನದಿಂದ ಅನ್ನ ಬಿಟ್ಟು ಸಾಯಲು ಕೂರುತ್ತಾನೆ. ನನಗೆ ಆ ಭಾಗವೇ ಜಾಸ್ತಿ ಇಷ್ಟ. ಒಂದಾಗುವುದಕ್ಕೆ ಬೆಲೆ ಇದೆ. ನನ್ನ ಚಿತ್ರದಲ್ಲಿ ಆ ಬೆಲೆ ಕಣ್ಣಿಗೆ ಕಾಣಬೇಕು.

ಕೈಗಳನ್ನು ಕೂಡಿಸಲು ಹೋದಾಗಲೇ ಮೊದಲ ತೊಡಕು. ಕಬ್ಬಿಣಿಗರ ಬೋಲ್ಟುಗಳು ಮೂರು ಮಿಲಿಮೀಟರಿನವು, ಸುತ್ತಿನ ಅಂತರ ಅರ್ಧ ಮಿಲಿಮೀಟರು. ಹಿತ್ತಾಳಿಗರದ್ದು ಹಳೆ ಇಂಚಿನ ಲೆಕ್ಕ. ಎಂಟನೇ ಒಂದು ಇಂಚು ದಪ್ಪ, ಇಂಚಿಗೆ 40 ಸುತ್ತು. ಕಣ್ಣಿಗೆ ಎರಡೂ ಒಂದೇ. ಒಂದರ ಬೋಲ್ಟು ಇನ್ನೊಂದರ ನಟ್ಟಿಗೆ ಎರಡು ಮೂರು ಸುತ್ತು ಹೋಗಿ ಸಿಕ್ಕಿಕೊಂಡಿತು. ಇದನ್ನು ಹಾಗೇ ಕಥೆಗೆ ತೆಗೆದುಕೊಂಡೆ. ಒಂದು ಪಂಗಡದ ಗಾಯಕ್ಕೆ ಇನ್ನೊಂದು ಪಂಗಡದ ಬೋಲ್ಟು ಕೂರುವುದಿಲ್ಲ. 40 ಫೋಟೊಗಳ ಸಣ್ಣ ದೃಶ್ಯ, ಮಾತೇ ಬೇಡ.

ಕೊನೆಗೆ ಎರಡೂ ಕೈಗಳನ್ನು ತಾಮ್ರದ ತಂತಿಯಲ್ಲಿ ಬಿಗಿದು ದೃಶ್ಯ ಮುಗಿಸಿದೆ. 340 ಫೋಟೊ. ನೋಡಿದಾಗ ಮೈ ಜುಮ್ಮೆಂದಿತು. ಬೊಂಬೆಗಳನ್ನು ಹಾಗೇ ಬಿಟ್ಟಿದ್ದೇನೆ. ನಾಳೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೊರಡಬೇಕು, ಅಕ್ಕನ ಮನೆಯಲ್ಲಿ ಕಾರ್ಯ ಇದೆ.

ಜೂನ್ 21

ಹನ್ನೊಂದು ದಿನ ಆದ ಮೇಲೆ ಬಂದು ಕೋಣೆಯ ಬಾಗಿಲು ತೆಗೆದೆ. ಮಳೆ ಜೋರು ಹಿಡಿದಿದೆ. ಕಡಲ ಗಾಳಿ ಕಿಟಕಿಯ ಸಂದಿಯಿಂದ ಒಳಗೆ ಬಂದಿತ್ತು. ಕಾರವಾರದಲ್ಲಿ ಇದು ಹೊಸದಲ್ಲ. ಇಲ್ಲಿ ಗೇಟಿನ ಚಿಲಕವೂ ಎರಡು ವರ್ಷಕ್ಕೆ ಕರಗುತ್ತದೆ.

ಆದರೆ ಮೇಜಿನ ಮೇಲೆ ಕಂಡಿದ್ದು ಬೇರೆ. ಕಬ್ಬಿಣಿಗರ ನಾಯಕನ ಎಡಗೈಯಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ, ಅಷ್ಟೇ. ಹಿತ್ತಾಳೆಯ ಕೈ ಹಿಡಿದಿದ್ದ ಬಲಗೈ ಮಾತ್ರ ತುಕ್ಕಿನಲ್ಲಿ ಮುಚ್ಚಿಹೋಗಿತ್ತು. ಬೆರಳು ಮುಟ್ಟಿದರೆ ಪದರ ಪದರ ಉದುರಿತು. ಹಿಡಿದ ಜಾಗದಲ್ಲೇ, ಬೇರೆಲ್ಲೂ ಅಲ್ಲ. ಹಿತ್ತಾಳಿಗರ ನಾಯಕಿ ಬಿಟ್ಟುಹೋದ ಹಾಗೇ ಹೊಳೆಯುತ್ತಾ ನಿಂತಿದ್ದಳು.

ತುಂಬಾ ಹೊತ್ತು ಅಲ್ಲೇ ಕೂತಿದ್ದೆ. ಮಗಳು ಬಂದು ನೋಡಿ, "ಕೈ ಹಿಡಿದಿದ್ದಕ್ಕೇ ಹೀಗಾಯ್ತಾ?" ಅಂತ ಕೇಳಿದಳು.

ಜೂನ್ 28

ಉತ್ತರ ಸಿಕ್ಕಿದ್ದು ಬೈತಖೋಲ ಬಂದರಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡದಲ್ಲಿ, ರಿಪೇರಿಯ ಕಾಲ. ಉದುರಿದ ಕೈಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ, ಉಕ್ಕಿನ ಬೋಟಿನ ತಳ ಕೆರೆಯುತ್ತಿದ್ದ ಹಿರಿಯ ಮಿಸ್ತ್ರಿಗೆ ತೋರಿಸಿದೆ. ಅವರು ನಗಲಿಲ್ಲ. ಕೈಯನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಬೋಟಿನ ಹಿಂದೆ ಕರೆದುಕೊಂಡು ಹೋದರು.

ಅಲ್ಲಿ ಫ್ಯಾನ್, ಅಂದರೆ ಬೋಟನ್ನು ಮುಂದೆ ತಳ್ಳುವ ಪ್ರೊಪೆಲ್ಲರ್ ಇತ್ತು, ಕಂಚಿನದ್ದು. ಬೋಟಿನ ಮೈ ಉಕ್ಕು. ಎರಡರ ಹತ್ತಿರ ತಳಕ್ಕೆ ಬಿಗಿದಿದ್ದ ಒಂದು ಬೂದು ಗಟ್ಟಿ. ಇಲಿ ತಿಂದ ಕೊಬ್ಬರಿಯ ಹಾಗೆ ಗುಳಿ ಗುಳಿ. "ಇದು ಜಿಂಕ್. ಇದು ತಿನ್ನಿಸಿಕೊಳ್ಳಲಿ ಅಂತಲೇ ಹಾಕುವುದು. ಇದು ಇರುವ ತನಕ ಬೋಟಿಗೆ ಏನೂ ಆಗುವುದಿಲ್ಲ" ಅಂದರು.

ತಾಗಿ ನಿಂತ ಎರಡು ಬೇರೆ ಬೇರೆ ಲೋಹ, ಎರಡರ ಮೇಲೂ ಉಪ್ಪು ನೀರು. ಅಷ್ಟಾದರೆ ಅದೇ ಒಂದು ಬ್ಯಾಟರಿ. ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಹಿತ್ತಾಳೆಗೆ ಕೊಡುತ್ತದೆ, ತಾನು ಕರಗುತ್ತದೆ. ಹಿತ್ತಾಳೆ ಅದರ ಖರ್ಚಿನಲ್ಲಿ ಉಳಿಯುತ್ತದೆ. ಉಪ್ಪು ಸೇರಿದ ನೀರು ಕರೆಂಟನ್ನು ಚೆನ್ನಾಗಿ ಸಾಗಿಸುತ್ತದೆ, ಅದಕ್ಕೇ ಕಡಲತೀರದಲ್ಲಿ ಇಷ್ಟು ಬೇಗ. ಮೇಲೆ ಬಂದ ತುಕ್ಕು ಗಟ್ಟಿಯಾಗಿ ಅಂಟಿ ಕೂರುವುದಿಲ್ಲ, ಉದುರುತ್ತದೆ. ಒಳಗಿನ ಹೊಸ ಕಬ್ಬಿಣ ಮತ್ತೆ ಸಿಗುತ್ತದೆ. ಜಿಂಕ್, ಅಂದರೆ ಸತು, ಇವೆರಡಕ್ಕಿಂತ ಬೇಗ ಎಲೆಕ್ಟ್ರಾನು ಬಿಟ್ಟುಕೊಡುವ ಲೋಹ. ಅದು ಜೊತೆಗಿದ್ದರೆ ಮೊದಲು ಅದೇ ಕರಗುತ್ತದೆ.

ಹಳೆಯ ಗಟ್ಟಿಯ ಉಳಿದ ತುಂಡನ್ನು ಅವರು ನನಗೇ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಜುಲೈ 6

ಮೂರು ಬಾಟಲಿಗಳ ಪರೀಕ್ಷೆ. ಕೋಡಿಬಾಗದ ಹತ್ತಿರ ಮಳೆಗಾಲದಲ್ಲಿ ಕಾಳಿಯ ನೀರೇ ತುಂಬಿರುತ್ತದೆ, ಉಪ್ಪು ಕಡಿಮೆ. ಹಾಗಾಗಿ ಲೀಟರಿಗೆ 35 ಗ್ರಾಂ ಉಪ್ಪು ಹಾಕಿ ಕಡಲ ನೀರು ಮಾಡಿಕೊಂಡೆ. ಮೊದಲನೆಯದರಲ್ಲಿ ಬರಿ ಕಬ್ಬಿಣದ ಮೊಳೆ. ಎರಡನೆಯದರಲ್ಲಿ ದೊಡ್ಡ ಹಿತ್ತಾಳೆ ತಗಡಿಗೆ ಕಟ್ಟಿದ ಮೊಳೆ. ಮೂರನೆಯದರಲ್ಲಿ ಹಿತ್ತಾಳೆ, ಮೊಳೆ, ಜಿಂಕ್ ಮೂರೂ ಒಟ್ಟಿಗೆ.

ಒಂದು ವಾರ ಬಿಟ್ಟು ನೋಡಿದರೆ ಮೊದಲನೆಯದು ಚಹಾ ಬಣ್ಣ. ಎರಡನೆಯದರ ತಳದಲ್ಲಿ ಕೆಂಪು ರಾಡಿ. ಮೂರನೆಯದರಲ್ಲಿ ಮೊಳೆ ಹಾಗೇ ಇದೆ, ಜಿಂಕಿನ ಮೇಲೆ ಬಿಳಿ ಹಿಂಜಿದ ಹತ್ತಿಯಂಥ ಪದರ.

ಆ ಬಿಳಿ ನೋಡಿದಾಗ ಕಥೆ ತಿರುಗಿತು. ಬಿಳಿ ಕಂಬ! ಎರಡು ಪಂಗಡ ಇಷ್ಟು ಕಾಲ ಹೊಡೆದಾಡಿದ್ದು ಈ ಲೋಹಕ್ಕೇ. ಇಬ್ಬರೂ ಅದನ್ನು ಕಿರೀಟದ ಹಾಗೆ ಕಾಯ್ದುಕೊಂಡವರು. ಈಗ ಅದನ್ನೇ ಕಡಿದು, ತುಂಡು ಮಾಡಿ, ಇಬ್ಬರ ನಡುವೆ ಇಟ್ಟು, ಉಪ್ಪಿಗೆ ತಿನ್ನಲು ಬಿಡಬೇಕು. ನಾನು ಹುಡುಕುತ್ತಿದ್ದ ಬೆಲೆ ಅದೇ.

ಮೊದಲ ಕೈ ಹಿಡಿಯುವ ದೃಶ್ಯವನ್ನು ಬಿಸಾಡುವುದಿಲ್ಲ. ಅದು ಈಗ ಮೊದಲ ಒಪ್ಪಂದ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಕಬ್ಬಿಣಿಗರನ್ನೇ ತಿಂದದ್ದು. ತುಕ್ಕು ಹಿಡಿದ ನಿಜವಾದ ಕೈಯನ್ನೇ ತೋರಿಸುತ್ತೇನೆ. ಆಮೇಲೆ ನಾಯಕಿ ತನ್ನ ಹೊಳೆಯುವ ಬೆರಳುಗಳನ್ನು ನೋಡಿಕೊಳ್ಳುತ್ತಾಳೆ. ಅವಳಿಗೆ ಅರ್ಥವಾಗುವುದಕ್ಕೆ ನಾಲ್ಕು ಸೆಕೆಂಡು, 48 ಫೋಟೊ. ಅವಳ ಮುಖದಲ್ಲಿ ಅಲುಗುವ ಭಾಗ ಒಂದೂ ಇಲ್ಲ. ಬರಿ ಕುತ್ತಿಗೆಯಲ್ಲಿ ಹೇಳಬೇಕು.

ಜುಲೈ 20

ಉಪ್ಪಿನ ಮೋಡ ಕರಗಿತು. ಸಾಣಿಕಟ್ಟಾದ ಹರಳುಪ್ಪನ್ನು ತಂತಿಯ ಬಲೆಗೆ ಅಂಟಿಸಿ ಮಾಡಿದ್ದೆ. ಹರಳು ದೊಡ್ಡದು, ಬೆಳಕು ಬಿದ್ದರೆ ಚೆಂದ. ಆದರೆ ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಮ್ಮಿನ ಲವಣಗಳೂ ಇರುತ್ತವೆ, ಅವು ಗಾಳಿಯ ತೇವ ಎಳೆದುಕೊಳ್ಳುತ್ತವೆ. ಮಳೆಗಾಲದ ಡಬ್ಬಿಯ ಉಪ್ಪು ಗೊತ್ತಲ್ವಾ, ಹಾಗೇ ಆಯಿತು. ಮೋಡ ಹನಿ ಹನಿಯಾಗಿ ಸೆಟ್ಟಿನ ಮೇಲೆ ಬಿತ್ತು.

ಈಗ ಪಟಿಕದಿಂದ ಹೊಸ ಮೋಡ. ಬಿಸಿ ನೀರಿನಲ್ಲಿ ಹಿಡಿಯುವಷ್ಟು ಪಟಿಕ ಕರಗಿಸಿ, ದಾರ ಇಳಿಬಿಟ್ಟು, ತಣ್ಣಗಾಗಲು ಬಿಡುವುದು. ಬೆಳಿಗ್ಗೆ ದಾರದ ತುಂಬಾ ಹರಳು. ಆದರೆ ಆ ಹನಿ ಬೀಳುವ ಹತ್ತು ಫೋಟೊಗಳು ನನ್ನ ಹತ್ತಿರ ಇವೆ. ಅವು ಚಿತ್ರದಲ್ಲಿ ಇರುತ್ತವೆ.

ಆಗಸ್ಟ್ 3

ಕಂಬ ಕಡಿಯುವ ದೃಶ್ಯ ಮುಗಿಯಿತು. ಯಾರು ಮೊದಲ ಏಟು ಹಾಕಬೇಕು ಅಂತ ಮನೆಯಲ್ಲೇ ಚರ್ಚೆ. ಹೆಂಡತಿ ನಾಯಕಿಯೇ ಹಾಕಲಿ ಅಂದಳು, ಅವಳಿಂದ ನಷ್ಟ ಆಗಿದ್ದು. ಮಗಳು ಇಬ್ಬರೂ ಒಟ್ಟಿಗೆ ಅಂದಳು. ನಾನು ಎರಡೂ ಕೇಳಲಿಲ್ಲ. ಕಬ್ಬಿಣಿಗರಲ್ಲಿ ಎಲ್ಲರಿಗಿಂತ ಚಿಕ್ಕವನು, ಒಂದೇ ಬೇರಿಂಗಿನವನು, ನಡೆದು ಬಂದು ಸುಮ್ನೆ ಕೊಡಲಿ ಎತ್ತುತ್ತಾನೆ. ಅವನಿಗೆ ಕಂಬದ ಮೇಲೆ ಹಳೆ ಪ್ರೀತಿ ಇಲ್ಲ. ಉಳಿದವರೆಲ್ಲ ತಿರುಗಿ ನೋಡುತ್ತಾರೆ, ಹದಿಮೂರು ಕುತ್ತಿಗೆಗಳಲ್ಲಿ ಹನ್ನೆರಡು. ಆ ಒಂದು ಸೆಕೆಂಡಿಗೆ ನನಗೆ ಮೂರು ರಾತ್ರಿ ಬೇಕಾದವು.

ಇವತ್ತು ಬೋಟುಗಳು ಮತ್ತೆ ಕಡಲಿಗೆ ಇಳಿದಿವೆ. ಮನೆಯಿಂದ ಎಂಜಿನ್ ಸದ್ದು ಕೇಳುತ್ತದೆ. ಧ್ವನಿಗೆ ಅದನ್ನೇ ರೆಕಾರ್ಡ್ ಮಾಡಿಕೊಂಡೆ, ಕಬ್ಬಿಣಿಗರ ಉಸಿರಿಗೆ.

ಸೆಪ್ಟೆಂಬರ್ 14

ಫೋಟೊ 2,710. ಉಳಿದಿರುವುದು ಕೊನೆಯ ದೃಶ್ಯ.

ಜಿಂಕ್ ಕೆಲಸ ಮಾಡಬೇಕಾದರೆ ಮೂರು ಲೋಹಕ್ಕೂ ಒಂದೇ ನೀರು ತಾಗಿರಬೇಕು. ಒಣ ಗಾಳಿಯಲ್ಲಿ ದೂರ ಇಟ್ಟರೆ ಪ್ರಯೋಜನವಿಲ್ಲ. ಅದಕ್ಕೆ ಕೊನೆಯ ದೃಶ್ಯದಲ್ಲಿ ಎಲ್ಲರೂ ಮೊಣಕಾಲುದ್ದ ಉಪ್ಪು ನೀರಿನಲ್ಲಿ ನಿಂತಿದ್ದಾರೆ. ಅಗಲದ ಸ್ಟೀಲ್ ತಟ್ಟೆ ಬೇಡ, ಅದೂ ಇನ್ನೊಂದು ಲೋಹ. ಪ್ಲಾಸ್ಟಿಕ್ ಟ್ರೇ ಇಟ್ಟಿದ್ದೇನೆ. ಹದಿಮೂರು ಜನ ವೃತ್ತವಾಗಿ ಒಬ್ಬರಿಗೊಬ್ಬರು ತಾಗಿ, ಪ್ರತಿ ಇಬ್ಬರ ನಡುವೆ ಕಂಬದ ಒಂದೊಂದು ತುಂಡು ಹಿಡಿದು ನಿಂತಿದ್ದಾರೆ. ಇಲ್ಲಿ ನಾನು ಬೊಂಬೆಗಳನ್ನು ಸರಿಸುವುದಿಲ್ಲ. ದಿನಾ ಸಂಜೆ ಏಳು ಗಂಟೆಗೆ, ಅದೇ ಬೆಳಕಿನಲ್ಲಿ, ಒಂದೇ ಫೋಟೊ. ಬದಲಾಗುವುದು ಜಿಂಕ್ ಮಾತ್ರ.

ತುಂಡುಗಳ ಅಂಚು ಆಗಲೇ ಬಿಳಿಯಾಗಿ ತೆಳುವಾಗುತ್ತಿದೆ. ನಾಯಕನ ಹೊಸ ಬಲಗೈಯಲ್ಲಿ ನೀರಿನ ಕೆಳಗೆ ಒಂದು ಚುಕ್ಕೆ ತುಕ್ಕೂ ಇಲ್ಲ. ಇವತ್ತು ಮಗಳೇ ಬಟನ್ ಒತ್ತಿದಳು. ಅದು ಇಪ್ಪತ್ಮೂರನೆಯದು.