ಕರೆಂಟ್ ಕೊಟ್ಟರೆ ಉಸಿರು ಮರಳುತ್ತದೆಯೇ?

ಉಸಿರಾಟದ ಫಿಸಿಯೋಥೆರಪಿ ನನ್ನ ವೃತ್ತಿ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು, ಅಥವಾ ರಸ್ತೆ ಅಪಘಾತದಲ್ಲಿ ಕುತ್ತಿಗೆ ಮುರಿದುಕೊಂಡು ವೆಂಟಿಲೇಟರ್ ಹಿಡಿದವರ ಮನೆಯವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಕರೆಂಟ್ ಕೊಟ್ಟು ಉಸಿರಾಡಿಸುವ ಯಂತ್ರವಿದೆಯಂತೆ, ಅದನ್ನು ಹಾಕಿಸಿದರೆ ವೆಂಟಿಲೇಟರ್ ತೆಗೆಯಬಹುದೇ?" ಕೆಲವರ ವಿಷಯದಲ್ಲಿ ತೆಗೆಯಬಹುದು. ಆ ಕೆಲವರು ಯಾರು ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಪೆಟ್ಟು ಬಿದ್ದ ಜಾಗ.

ಉಸಿರಾಡು ಎಂಬ ಆಜ್ಞೆ ಹುಟ್ಟುವುದು ಮೆದುಳಿನ ಬುಡದಲ್ಲಿ. ಅದು ಬೆನ್ನುಹುರಿಯಲ್ಲಿ ಇಳಿದು, ಕುತ್ತಿಗೆಯ ಮೂರು, ನಾಲ್ಕು ಮತ್ತು ಐದನೆಯ ಮಟ್ಟದಲ್ಲಿರುವ ನರಕೋಶಗಳನ್ನು ತಲುಪುತ್ತದೆ. ಆ ಕೋಶಗಳಿಂದ ಹೊರಟ ಎಳೆಗಳೇ ಸೇರಿ ಫ್ರೆನಿಕ್ ನರವಾಗಿ, ಎದೆಯೊಳಗೆ ಹೃದಯದ ಪಕ್ಕದಲ್ಲಿ ಹಾದು, ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯುವನ್ನು ಮುಟ್ಟುತ್ತವೆ. ವಪೆ ಕೆಳಕ್ಕೆ ಜಗ್ಗಿದಾಗ ಶ್ವಾಸಕೋಶದೊಳಕ್ಕೆ ಗಾಳಿ ನುಗ್ಗುತ್ತದೆ. ಪೆಟ್ಟು ಒಂದನೆಯ ಅಥವಾ ಎರಡನೆಯ ಮಟ್ಟದಲ್ಲಿ ಬಿದ್ದಿದ್ದರೆ ಆಜ್ಞೆಯ ದಾರಿ ಮಾತ್ರ ಕಡಿದಿರುತ್ತದೆ. ಕೆಳಗಿನ ನರಕೋಶ, ಫ್ರೆನಿಕ್ ನರ, ವಪೆ ಮೂರೂ ಜೀವಂತವಾಗಿದ್ದು, ಬಾರದ ಆಜ್ಞೆಗಾಗಿ ಕಾಯುತ್ತಿರುತ್ತವೆ. ಆ ಆಜ್ಞೆಯನ್ನು ಹೊರಗಿನಿಂದ ಕೊಡುವುದಷ್ಟೇ ಈ ಯಂತ್ರದ ಕೆಲಸ. ಬೆನ್ನುಹುರಿಯನ್ನು ಅದು ಬೆಸೆಯುವುದಿಲ್ಲ. ಪೆಟ್ಟು ಮೂರರಿಂದ ಐದನೆಯ ಮಟ್ಟದ ಮೇಲೆಯೇ ಬಿದ್ದು ಆ ಕೋಶಗಳು ಸತ್ತಿದ್ದರೆ ನರವೂ ಒಣಗುತ್ತದೆ; ಸತ್ತ ನರಕ್ಕೆ ಎಷ್ಟು ಕರೆಂಟ್ ಕೊಟ್ಟರೂ ವಪೆ ಅಲುಗುವುದಿಲ್ಲ. ಅಂಥ ಕೆಲವರಿಗೆ ಪಕ್ಕೆಲುಬಿನ ನಡುವಿನ ನರವೊಂದನ್ನು ಫ್ರೆನಿಕ್ ನರಕ್ಕೆ ಹೊಲಿದು, ಅದು ಬೆಳೆದ ಮೇಲೆ ಪ್ರಚೋದನೆ ಕೊಟ್ಟ ಉದಾಹರಣೆಗಳಿವೆಯಾದರೂ ಅದು ಬಹು ದೀರ್ಘವಾದ ದಾರಿ.

ಈ ಉಪಾಯ ಹೊಸದಲ್ಲ. ಅಮೆರಿಕದ ಸ್ಟ್ಯಾನ್ಲಿ ಸಾರ್ನಾಫ್ 1948ರಲ್ಲಿಯೇ ಫ್ರೆನಿಕ್ ನರಕ್ಕೆ ವಿದ್ಯುತ್ ಕೊಟ್ಟು ಉಸಿರಾಡಿಸುವ ವಿಧಾನವನ್ನು ಪ್ರಕಟಿಸಿದ್ದರು. ಯೇಲ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ವಿಲಿಯಂ ಗ್ಲೆನ್ 1960ರ ದಶಕದಲ್ಲಿ ಅದನ್ನು ರೇಡಿಯೋ ತರಂಗದಿಂದ ನಡೆಸುವಂತೆ ಮಾಡಿದರು: ನರದ ಸುತ್ತ ಕರೆಂಟ್ ಮುಟ್ಟಿಸುವ ಎಲೆಕ್ಟ್ರೋಡ್, ಚರ್ಮದಡಿಯಲ್ಲಿ ಪುಟ್ಟ ರಿಸೀವರ್, ಚರ್ಮದ ಮೇಲೆ ಅಂಟಿಸಿದ ಆಂಟೆನಾ. ಕೈಕಾಲು ಸ್ವಾಧೀನ ತಪ್ಪಿದ ರೋಗಿಯೊಬ್ಬರನ್ನು ಪೂರ್ತಿಯಾಗಿ ಇದರ ಮೇಲೆಯೇ ಉಸಿರಾಡಿಸಿದ ವರದಿಯನ್ನು ಅವರು 1972ರಲ್ಲಿ ಕೊಟ್ಟರು. ಇನ್ನೊಂದು ಬಗೆಯಲ್ಲಿ ನರವನ್ನು ಮುಟ್ಟುವುದೇ ಇಲ್ಲ; ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ಲ್ಯಾಪರೋಸ್ಕೋಪಿಯ ಮೂಲಕ ವಪೆಯ ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಎಲೆಕ್ಟ್ರೋಡ್ ನೆಟ್ಟು, ತಂತಿಗಳನ್ನು ಚರ್ಮದಿಂದ ಹೊರತಂದು, ಬ್ಯಾಟರಿಯ ಪೆಟ್ಟಿಗೆಯೊಂದಕ್ಕೆ ಜೋಡಿಸುತ್ತಾರೆ. 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆ ಮುರಿದುಕೊಂಡ ನಟ ಕ್ರಿಸ್ಟೋಫರ್ ರೀವ್ ಅವರಿಗೆ 2003ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಇದನ್ನೇ ಅಳವಡಿಸಿದ್ದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಬೆನ್ನುಹುರಿ ಗಾಯದವರಿಗೆ ಇದನ್ನು ಬಳಸಲು ಅನುಮತಿ ಕೊಟ್ಟಿತು.

ಹಾಕಿಸಿದ ಮರುದಿನವೇ ವೆಂಟಿಲೇಟರ್ ಬಿಡಬಹುದೆಂದು ಯಾರೂ ಭಾವಿಸಬಾರದು. ಕೆಲಸವಿಲ್ಲದ ವಪೆ ಅತಿ ಬೇಗ ಸೊರಗುತ್ತದೆ. 18ರಿಂದ 69 ಗಂಟೆಗಳ ಕಾಲ ಪೂರ್ತಿಯಾಗಿ ವೆಂಟಿಲೇಟರ್ ಮೇಲಿದ್ದ, ಮೆದುಳು ನಿಷ್ಕ್ರಿಯವಾಗಿದ್ದ ಅಂಗದಾನಿಗಳ ವಪೆಯನ್ನು ಪರೀಕ್ಷಿಸಿದಾಗ ಸ್ನಾಯು ಎಳೆಗಳು ಅರ್ಧಕ್ಕಿಂತ ಹೆಚ್ಚು ತೆಳುವಾಗಿದ್ದವೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ತಿಂಗಳುಗಟ್ಟಲೆ ಮಲಗಿದವರ ವಪೆಯ ಸ್ಥಿತಿಯನ್ನು ಇದರಿಂದ ಊಹಿಸಬಹುದು. ಆದ್ದರಿಂದ ಮೊದಲ ದಿನ ಕೆಲವು ನಿಮಿಷ, ಆಮೇಲೆ ಸ್ವಲ್ಪ ಹೆಚ್ಚು, ಹೀಗೆ ವಾರಗಳಿಂದ ತಿಂಗಳುಗಳವರೆಗೆ ಅದನ್ನು ಪಳಗಿಸಬೇಕು. ದಣಿದ ವಪೆಯನ್ನು ಒತ್ತಾಯಿಸುವುದು ಅಪಾಯ, ಆದರೆ ಮನೆಯವರ ಆತುರಕ್ಕೆ ಅದನ್ನು ವಿವರಿಸುವುದು ನನಗೆ ಇಂದಿಗೂ ಕಷ್ಟವೆನಿಸುತ್ತದೆ.

ಫಲಿಸಿದವರಲ್ಲಿ ಬದಲಾವಣೆ ದೊಡ್ಡದು. ಗಾಳಿಯನ್ನು ಒಳಕ್ಕೆ ತಳ್ಳುವ ವೆಂಟಿಲೇಟರ್‌ನ ಬದಲು ವಪೆಯೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ವೆಂಟಿಲೇಟರ್‌ನ ಕೊಳವೆಗಾಗಿ ಗಂಟಲಿನಲ್ಲಿ ಮಾಡಿದ ರಂಧ್ರವನ್ನು ಮುಚ್ಚಲು ಸಾಧ್ಯವಾದರೆ ಮೂಗಿನ ಮೂಲಕವೇ ಉಸಿರು ಹರಿದು ವಾಸನೆ ತಿಳಿಯುತ್ತದೆ, ಮಾತು ಸಲೀಸಾಗುತ್ತದೆ, ಕೊಳವೆಗಳ ಎಳೆದಾಟವಿಲ್ಲದೆ ಗಾಲಿಕುರ್ಚಿಯಲ್ಲಿ ಹೊರಗೆ ಹೋಗಬಹುದು. ಕೆಮ್ಮು ಮಾತ್ರ ಮರಳುವುದಿಲ್ಲ. ಕೆಮ್ಮುವುದು ಹೊಟ್ಟೆಯ ಮತ್ತು ಪಕ್ಕೆಯ ಸ್ನಾಯುಗಳ ಕೆಲಸವಾದ್ದರಿಂದ ಕಫ ತೆಗೆಯುವ ಆರೈಕೆ ಹಾಗೆಯೇ ಉಳಿಯುತ್ತದೆ. ಬೆನ್ನಿನ ಕೆಳಭಾಗದ ಹುರಿಯ ಮೇಲೆ ಎಲೆಕ್ಟ್ರೋಡ್ ಇಟ್ಟು ಕೆಮ್ಮನ್ನೂ ಬರಿಸುವ ಕೆಲಸವನ್ನು ಕ್ಲೀವ್‌ಲ್ಯಾಂಡಿನ ಆಂಥನಿ ಡಿಮಾರ್ಕೊ ಅವರ ತಂಡ ಮಾಡಿದೆ. ನನ್ನ ಕೆಲಸದ ದಿನವೆಲ್ಲ ಕಫದ ಜೊತೆಗಿನ ಹೋರಾಟವೇ ಆಗಿರುವುದರಿಂದ, ನಾನು ಅತ್ಯಂತ ಆಸೆಯಿಂದ ಎದುರು ನೋಡುವುದು ಅದನ್ನೇ.

ಸ್ನಾಯುಗಳನ್ನು ನಡೆಸುವ ನರಕೋಶಗಳೇ ಕ್ರಮೇಣ ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆಯವರ ಮನೆಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಸ್ಪಷ್ಟವಾಗಿ ಬೇಡವೆನ್ನುತ್ತೇನೆ. ಬ್ರಿಟನ್ನಿನಲ್ಲಿ 74 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾಸ್ಕ್ ವೆಂಟಿಲೇಟರ್ ಮಾತ್ರ ಪಡೆದವರ ಮಧ್ಯಮ ಬದುಕುಳಿವು (ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ) 22.5 ತಿಂಗಳಿದ್ದರೆ, ಅದರ ಜೊತೆಗೆ ವಪೆಗೆ ಪ್ರಚೋದನೆಯನ್ನೂ ಪಡೆದವರದು 11 ತಿಂಗಳಾಗಿತ್ತು.

ಬೆನ್ನುಹುರಿ ಗಾಯದವರ ಮನೆಯವರು ವೈದ್ಯರ ಬಳಿ ಮೊದಲು ಕೇಳಬೇಕಾದದ್ದು ಫ್ರೆನಿಕ್ ನರದ ಪರೀಕ್ಷೆಯನ್ನು. ಯಂತ್ರದ ಬೆಲೆಯ ಮಾತು ಆಮೇಲಿನದು. ಕುತ್ತಿಗೆಯ ಬದಿಯಲ್ಲಿ ಚರ್ಮದ ಮೇಲಿಂದಲೇ ಸಣ್ಣ ಪ್ರಚೋದನೆ ಕೊಟ್ಟು, ನರದ ಉತ್ತರವನ್ನು ದಾಖಲಿಸುತ್ತಾರೆ ಅಥವಾ ಎಕ್ಸ್-ರೇ ಪರದೆಯಲ್ಲಿ ವಪೆ ಇಳಿಯುವುದನ್ನು ನೋಡುತ್ತಾರೆ. ಪೆಟ್ಟಾದ ಮೊದಲ ವಾರಗಳಲ್ಲಿ ಕೆಲವರ ಸ್ವಂತ ಉಸಿರೇ ಮರಳುವುದುಂಟು, ಹಾಗಾಗಿ ಒಂದೇ ಪರೀಕ್ಷೆಯಿಂದ ಆಸೆ ಬಿಡುವುದೂ ಸರಿಯಲ್ಲ. ಯಂತ್ರ ಹಾಕಿಸಿದ ಮನೆಯಲ್ಲೂ ಬದಲಿ ವೆಂಟಿಲೇಟರ್ ಮತ್ತು ಹಾಸಿಗೆಯ ಪಕ್ಕದಲ್ಲಿ ಕೈಯಿಂದ ಒತ್ತುವ ಅಂಬು ಬ್ಯಾಗ್ ಇರಲೇಬೇಕು, ಅದನ್ನು ಒತ್ತಲು ಮನೆಯ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು; ತಂತಿ ಸಡಿಲವಾದಾಗ ಅಥವಾ ಬ್ಯಾಟರಿ ಮುಗಿದಾಗ ಸಿಗುವುದು ಕೆಲವೇ ನಿಮಿಷ.