ಒಂದೇ ನಟ್ಟಿನ ಮೇಲೆ ನಿಂತ ಗಾಲಿ

ಮಳೆಗಾಲ ಮುಗಿದ ಮೇಲೆ ನಮ್ಮ 110 ಸಿಸಿ ಸ್ಕೂಟರಿನ ಹಿಂದಿನ ಟಯರು ಬದಲಿಸಬೇಕಾಗಿ ಬಂದಾಗ, ಗಾಲಿಯನ್ನಷ್ಟೇ ಅಂಗಡಿಗೆ ಒಯ್ದು, ಬಿಚ್ಚುವ ಮತ್ತು ಜೋಡಿಸುವ ಕೆಲಸವನ್ನು ಬೆಳಗಾವಿಯ ಟಿಳಕವಾಡಿಯ ನಮ್ಮ ಅಂಗಳದಲ್ಲಿಯೇ ಮಾಡಿದೆ. ಬಿಚ್ಚುವುದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ತಣ್ಣಗಾದ ಸೈಲೆನ್ಸರನ್ನು ಕಳಚಿ, ನಡುವಿನ ದೊಡ್ಡ ನಟ್ಟನ್ನು ತೆಗೆದರೆ ಗಾಲಿ ಹೊರಗೆ ಬರುತ್ತದೆ. ಎಚ್ಚರ ಬೇಕಾಗಿರುವುದು ಮರಳಿ ಕೂರಿಸುವಾಗ.

ಹಳೆಯ ಬಜಾಜ್ ಚೇತಕ್ ಓಡಿಸಿದವರಿಗೆ ಇಷ್ಟೆಲ್ಲ ಏಕೆ ಎನಿಸಬಹುದು. ಅದರಲ್ಲಿ ಡ್ರಮ್ಮು, ಅಂದರೆ ಬ್ರೇಕ್ ಶೂಗಳು ಒಳಗಿನಿಂದ ಒತ್ತಿ ಹಿಡಿಯುವ ಬಟ್ಟಲು, ಗಾಡಿಯಲ್ಲೇ ಉಳಿಯುತ್ತಿತ್ತು; ರಿಮ್ಮಿನ ಸುತ್ತಲಿನ ನಟ್ಟುಗಳನ್ನು ತೆಗೆದು ಸ್ಟೆಪ್ನಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗಿನ ಗೇರಿಲ್ಲದ ಸ್ಕೂಟರುಗಳಲ್ಲಿ ಹೆಚ್ಚಿನವುಗಳಲ್ಲಿ ಡ್ರಮ್ಮು ಗಾಲಿಯದೇ ಭಾಗವಾಗಿದ್ದು, ಇಡೀ ಗಾಲಿ ಆ ಒಂದೇ ನಟ್ಟನ್ನು ನಂಬಿಕೊಂಡಿರುತ್ತದೆ. ಎಂಜಿನ್ನಿನ ಕಡೆಯಿಂದ ಹೊರಬರುವ ಆಕ್ಸಲ್ಲಿನ ಮೇಲೆ ಉದ್ದನೆಯ ಹಲ್ಲುಗಳಿವೆ. ಗಾಲಿಯ ಹಬ್ಬಿನ, ಅಂದರೆ ನಡುಭಾಗದ, ಒಳಗೂ ಅಂಥವೇ ಹಲ್ಲುಗಳಿದ್ದು, ಇವೆರಡೂ ಒಂದರೊಳಗೊಂದು ಕೂತಾಗ ಮಾತ್ರ ಎಂಜಿನ್ನಿನ ಬಲ ರಸ್ತೆಗೆ ತಲುಪುತ್ತದೆ. ನಟ್ಟು ಸಡಿಲವಿದ್ದರೆ ಆಕ್ಸಿಲರೇಟರ್ ತಿರುಗಿಸಿದಾಗಲೂ ಬ್ರೇಕ್ ಹಿಡಿದಾಗಲೂ ಹಬ್ಬು ಕೂದಲೆಳೆಯಷ್ಟು ಅಲುಗಾಡುತ್ತ ಹಲ್ಲುಗಳನ್ನು ಸವೆಸುತ್ತದೆ. ಸವೆದ ಹಲ್ಲಿಗೆ ರಿಪೇರಿಯಿಲ್ಲ, ಬಿಡಿಭಾಗವನ್ನೇ ಬದಲಿಸಬೇಕು.

ನಮ್ಮ ಬೆಳಗಾವಿಯ ಮಳೆ ಮತ್ತು ಕೆಮ್ಮಣ್ಣು ಸೇರಿ ಈ ಹಲ್ಲುಗಳಿಗೆ ತುಕ್ಕು ಹಿಡಿಸುತ್ತವೆ. ತಂತಿ ಬ್ರಷ್ಷಿನಿಂದ ಅವನ್ನು ಉಜ್ಜಿ, ಬಟ್ಟೆಯಿಂದ ಒರೆಸಿ, ತೆಳ್ಳಗೆ ಗ್ರೀಸ್ ಸವರಬೇಕು. ತೆಳ್ಳಗೆ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೆಚ್ಚಾದ ಗ್ರೀಸು ಬಿಸಿಗೆ ಕರಗಿ ಬ್ರೇಕ್ ಲೈನರಿಗೆ ಹತ್ತಿದರೆ ಬ್ರೇಕೇ ಹಿಡಿಯುವುದಿಲ್ಲ. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ತೆಗೆಯಬೇಕು. ಅದು ಪುಪ್ಪುಸಕ್ಕೆ ಒಳ್ಳೆಯದಲ್ಲ. ಆಕ್ಸಲ್ಲಿನ ಬುಡದಲ್ಲಿ ಎಣ್ಣೆಯ ಪಸೆ ಕಂಡರೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಹೋಗಿದೆ ಎಂದೇ ಅರ್ಥ. ಅದನ್ನು ಬದಲಿಸದೆ ಗಾಲಿ ಹಾಕುವುದರಲ್ಲಿ ಹುರುಳಿಲ್ಲ. ಟಯರಿನ ಮೇಲಿನ ಬಾಣದ ಗುರುತು ಗಾಲಿ ಮುಂದಕ್ಕೆ ತಿರುಗುವ ದಿಕ್ಕಿಗೇ ಇದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳುವುದು ಒಳಿತು.

ಗಾಲಿಯನ್ನು ತೂರಿಸುವಾಗ ಡ್ರಮ್ಮು ಬ್ರೇಕ್ ಶೂಗಳಿಗೆ ತಾಗಿ ನಿಂತರೆ ಸುತ್ತಿಗೆಯಿಂದ ಹೊಡೆಯಬಾರದು. ಬ್ರೇಕ್ ಕೇಬಲ್ಲಿನ ತುದಿಯ ನಟ್ಟನ್ನು ಸಡಿಲಿಸಿ, ಹಲ್ಲಿಗೆ ಹಲ್ಲು ಹೊಂದುವಂತೆ ಗಾಲಿಯನ್ನು ತುಸು ಆಚೀಚೆ ತಿರುಗಿಸಿದರೆ ತಾನಾಗಿ ಒಳಹೋಗುತ್ತದೆ.

ಇನ್ನು ಬಿಗಿಯುವ ಮಾತು. ಗ್ಯಾರೇಜುಗಳಲ್ಲಿ ಪಾನಾಕ್ಕೆ ಪೈಪು ತೂರಿಸಿ, ಅದರ ಮೇಲೆ ಹತ್ತಿ ನಿಲ್ಲುವುದನ್ನು ನೋಡಿದ್ದೇನೆ, ಅದು ನನಗೆ ಒಪ್ಪಿಗೆಯಿಲ್ಲ. ಈ ವರ್ಗದ ಗಾಡಿಗಳಿಗೆ ಸುಮಾರು 118 ನ್ಯೂಟನ್ ಮೀಟರ್ ಬಿಗಿತ ಸಾಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಸರಿ. ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ 24 ಕಿಲೋ ಭಾರ ಹಾಕಿದರೆ ಇಷ್ಟು ಬಿಗಿತ ಬರುತ್ತದೆ. ಅರವತ್ತು ಕಿಲೋದ ಮನುಷ್ಯ ಅದೇ ತುದಿಯ ಮೇಲೆ ನಿಂತರೆ ಎರಡೂವರೆ ಪಟ್ಟು ಆಗುತ್ತದೆ. ಉದ್ಯಮಬಾಗದ ವರ್ಕ್‌ಶಾಪೊಂದರಲ್ಲಿ ಕೆಲಸ ಮಾಡುವ ಗೆಳೆಯರಿಂದ ನಾನು ಟಾರ್ಕ್ ರೆಂಚನ್ನು, ಅಂದರೆ ಬಿಗಿತವನ್ನು ಅಳೆಯುವ ಪಾನಾವನ್ನು, ಎರವಲು ತಂದಿದ್ದೆ. ಎಂಜಿನ್ ನಿಂತಾಗ ಅದನ್ನು ಗಾಲಿಗೆ ಜೋಡಿಸುವ ಕ್ಲಚ್ ಬಿಟ್ಟುಕೊಂಡಿರುವುದರಿಂದ, ಬಿಗಿಯುವಾಗ ಗಾಲಿ ತಿರುಗದಂತೆ ತಡೆಯುವುದು ಹಿಂದಿನ ಬ್ರೇಕೊಂದೇ. ಆದ್ದರಿಂದ ಸಡಿಲಿಸಿದ ಕೇಬಲ್ಲನ್ನು ಮೊದಲು ಸರಿಹೊಂದಿಸಿ, ಎಡಗಡೆಯ ಲಿವರನ್ನು ಇನ್ನೊಬ್ಬರ ಕೈಗೆ ಕೊಡಬೇಕು. ತಾನೇ ಬಿಗಿ ಹಿಡಿಯುವ ಲಾಕ್ ನಟ್ಟು ಇದ್ದರೆ ಹೊಸದನ್ನೇ ಹಾಕುವುದು ವಾಸಿ, ಬಿಚ್ಚಿ ಹಾಕಿದಷ್ಟೂ ಅದರ ಹಿಡಿತ ಕಡಿಮೆಯಾಗುತ್ತದೆ.

ಸೈಲೆನ್ಸರಿಗೆ ಹೊಸ ಗ್ಯಾಸ್ಕೆಟ್ ಇಟ್ಟು, ಎಲ್ಲ ನಟ್ಟು ಬೋಲ್ಟುಗಳನ್ನು ಮೊದಲು ಕೈಯಿಂದಲೇ ಹಿಡಿಸಿ, ಎಂಜಿನ್ನಿನ ಕಡೆಯವನ್ನು ಬಿಗಿದ ಮೇಲೆ ಬ್ರಾಕೆಟ್ಟಿನವನ್ನು ಬಿಗಿಯಬೇಕು. ಈ ಕ್ರಮ ತಪ್ಪಿದರೆ ಪೈಪಿನ ಬಾಯಿ ಓರೆಯಾಗಿ ಕೂತು ಹೊಗೆ ಸೋರುತ್ತದೆ, ಪಟಪಟ ಸದ್ದು ಬರುತ್ತದೆ. ಬ್ರೇಕ್ ಲಿವರಿನ ತುದಿಯಲ್ಲಿ ಒಂದೆರಡು ಸೆಂಟಿಮೀಟರ್ ಆಟ ಉಳಿಸಿ, ಗಾಲಿಯನ್ನು ಕೈಯಿಂದ ತಿರುಗಿಸಿ ಉಜ್ಜುವ ಸದ್ದಿದೆಯೇ ಎಂದು ಕೇಳಿ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ ಓಣಿಯೊಳಗೇ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿದು ನೋಡಿದೆ. ಸೈಲೆನ್ಸರ್ ಆರಿದ ಮೇಲೆ ಅದರ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಚ್ಚಿದಾಗ ಇನ್ನೂ ಕಾಲು ಸುತ್ತು ತಿರುಗಿದವು. ಗಾಲಿಯ ನಟ್ಟು ಮಾತ್ರ ಜಗ್ಗಲಿಲ್ಲ.